ನೋಡೂಣು

ಡಾಕ್ಟರ್ ರಣದಿವೆ ಮರಾಠಿಯೊಳಗ ಹೇಳತಾರ,
ನಾ ಕನ್ನಡಕ್ಕ ಇಳಸತೇನಿ.
ಸೋಲಾಪುರದಾಗ, ಔಷಧ ಅಂಗಡಿ ಮ್ಯಾಲಿನ ದವಾಖಾನಿ.
ಮೊಣಕಾಲ ನೋವಿನವರಿಗೆ ಹದಿನೆಂಟು ಮೆಟ್ಟಲ,
ಕಟ್ಟಿದವರು ಯಾರೂ ವಿಚಾರ ಮಾಡಿಲ್ಲ.
ಹನ್ನೊಂದು ವರ್ಷ ಆತು. ಪಗಾರ ಕಾಂಪೌಂಡರಂದು,
ಕೆಲಸ ಎರಡು ಭಾಷಾದ ನಡುವಿನ ಚಿಪ್ಪಿಂದು.

ಬುಧವಾರ ಸೂಜಿ.
ಅವತ್ತ ಮೊದಲ ಬಂದಾಕಿ ಅಕ್ಕಲಕೋಟದ ಭೌರವ್ವ,
ಮೂವತ್ತಾರು ವರ್ಷ ಮೊರದ ಮುಂದ ಕಾಲ ಮಡಚಿ
ಬೀಡಿ ಕಟ್ಟಿದಾಕಿ.
ಫೋಟೋ ದೀಪಕ್ಕ ಹಿಡದು ಡಾಕ್ಟರ್ ಬೆರಳ ಇಟ್ಟರು:
ಎರಡು ಎಲುವಿನ ನಡುವ ಇರಬೇಕಾದ ಸಂದಿ
ಹೊರಗಿನ ಕಡೆ ಬೀಡಿ ಕಟ್ಟೂ ದಾರದಷ್ಟು,
ಒಳಗಿನ ಕಡೆ ದಾರನೂ ಇಲ್ಲ.
'ಗಾದಿ ಸವದದ' ಅಂದೆ.
'ಹತ್ತಿ ತುಂಬಸ್ರಿ ಮತ್ತ' ಅಂದ್ಲು.

ಹತ್ತಿ ಇಲ್ಲವ್ವಾ. ಮೂರು ಥರದ ಸೂಜಿ ಅದಾವ.
ಒಂದು ಅಗ್ಗದ್ದು, ಬೆಂಕಿ ಆರಸತದ, ಮನಿ ಕಟ್ಟೂದಿಲ್ಲ.
ನಾಕು ವಾರ, ಆರು ವಾರ, ನಸೀಬ ಇದ್ದರ ಮೂರು ತಿಂಗಳ.
ಮ್ಯಾಲಿಂದ ಮ್ಯಾಲ ಹಾಕಿಸಿದರ ಉಳದ ಗಾದಿನೂ ತಿಂದೀತು.
ಇನ್ನೊಂದು ಜೆಲ್ಲು, ಬಾಗಲದ ಬಿಜಾಗರಿಗೆ ಎಣ್ಣಿ ಬಿಟ್ಟಂಗ.
ರೊಕ್ಕ ಭಾಳ. ಒಬ್ಬರಿಗೆ ಚೂರು ಹಗುರ, ಒಬ್ಬರಿಗೆ ಏನಿಲ್ಲ.
ಮತ್ತೊಂದು ನಿನ್ನ ರಕ್ತಾನ ತಗದು, ಗರಗರ ತಿರುವಿ,
ತಿಳಿ ಬಸದು, ಹೊಳ್ಳಿ ನಿನಗ ಚುಚ್ಚೂದು.
'ನನ್ನ ರಕ್ತಕ್ಕ ನಾನ ರೊಕ್ಕ ಕೊಡಬೇಕೇನ?'
ಇದನ್ನ ನಾ ಮರಾಠಿಗೆ ಏರಸಲಿಲ್ಲ.

'ಆರಾಮ ಆಗತದೋ ಇಲ್ಲೋ, ಅದೊಂದ ಹೇಳ್ರಿ.'
ಡಾಕ್ಟರ್ ಅಂದರು: ಬಘೂಯಾ.
ನಾ ಅಂದೆ: ನೋಡೂಣು.

ಅವರ ಬಾಯಾಗ ಆ ಮಾತಿಗೆ ಒಂದು ತೂಕ ಅದ.
ನೂರು ಮಂದಿಯೊಳಗ ಎಷ್ಟು ಮಂದಿಗೆ, ಎಷ್ಟು ದಿನ,
ಓದಿದ ಕಾಗದ ಎಲ್ಲಾ ಅದರ ಹಿಂದ ನಿಂತಿರತಾವ.
ನನ್ನ ಬಾಯಿಗೆ ಬರೂದ್ರಾಗ ಲೆಕ್ಕ ಸವದು
ನಳಾ ಕೇಳಾಕ ಹೋದಾಗ ನಗರಸೇವಕ ಅಂದ
ನೋಡೂಣು ಆಗಿ ಬೀಳತದ.

ಭೌರವ್ವ ಅಗ್ಗದ್ದನ್ನ ಆರಿಸಿದಳು.
ನಾ ಮೊಣಕಾಲ ಹಿಡದೆ. ಉಸರ ಬಿಗಿ ಹಿಡೀಬ್ಯಾಡ ಅಂದೆ.
ಆಕಿ ಗೋಡಿ ಮ್ಯಾಲಿನ ಕ್ಯಾಲೆಂಡರ ನೋಡಕೋತ
ವಾರದ ಹೆಸರ ಓದಿದಳು, ತಿರುಗಿ ಓದಿದಳು.

ಒಮ್ಮೆ ಚಹಾ ಕುಡಿಯುವಾಗ ಡಾಕ್ಟರ್ ಹೇಳಿದ್ದರು:
ಎಲ್ಲೋ ಪರೀಕ್ಷಾ ಮಾಡಿ, ಅರ್ಧ ಮಂದಿಗೆ ಔಷಧ,
ಅರ್ಧ ಮಂದಿಗೆ ಬರೇ ಉಪ್ಪನೀರು ಚುಚ್ಚಿದರಂತ.
ಉಪ್ಪನೀರಿನವರೂ ಎಷ್ಟೋ ಮಂದಿ
ಹಗುರಾತು ಅಂದು ಎದ್ದು ನಡದರಂತ.
ನಾ ಬಸಿ ತೊಳದೆ. ಆಮ್ಯಾಲ ಅನಸತು,
ಆ ಹೊತ್ತಿನಾಗ ಅವರ ಮೊಣಕಾಲ ಹಿಡದ ಕೈಯನ್ನ
ಯಾವ ಬಾಟಲಿಗೆ ಬರಕೊಂಡರೋ.

ತಿಂಗಳಿಗೆ ಬಂದಳು.
'ನೋವು ಹತ್ತರಾಗ ಎಷ್ಟು?' ಡಾಕ್ಟರ್ ಕೇಳಿದರು.
'ಮೊದಲ ಎರಡನೂರು ಕಟ್ಟೂದ್ರಾಗ ಏಳಬೇಕಿತ್ತು,
ಈಗ ಆರನೂರು ಕಟ್ಟತೇನಿ.'
ನಾ ವಿಚಾರ ಮಾಡಿ 'ನಾಕು' ಅಂದೆ. ಅವರು ಬರಕೊಂಡರು.
ಮೂರನೇ ತಿಂಗಳಿಗೆ ಮುನ್ನೂರು.
ಅದಕ್ಕ ಏನು ಹೇಳಿದೆನೋ ನೆನಪಿಲ್ಲ.

ಇಳಿಯೂವಾಗ ಹನ್ನೊಂದನೇ ಮೆಟ್ಟಲಕ್ಕ ಕುಂತಳು.
ನಾನೂ ಕುಂತೆ, ಎಡಗೈ ಗೋಡಿಗೆ ಒತ್ತಿ, ನಿಧಾನಕ.
ಆಕಿ ಅದನ್ನ ನೋಡಿದಳು. ಎಷ್ಟು ದಿನ ಆತು ಅಂತ ಕೇಳಲಿಲ್ಲ.
'ನೀ ಆದರ ಹಾಕಿಸಿಕೊಂತೀಯೇನ?'
'ನೋಡೂಣು' ಅಂದೆ.
'ಅದು ಅವರ ಮಾತು' ಅಂದ್ಲು ಭೌರವ್ವ,
'ಕನ್ನಡದಾಗ ಹೇಳು.'